ಖಾಲಿ ಜಾಗದ ಬೆಲೆ

“ಗುರುಗಳೇ, ಐದು ಕೋಟಿ ರೂಪಾಯಿ,” ಎಂದಳು ದಾಕ್ಷಾಯಣಿ. “ಮಿದುಳಿನ ಜೀವಕೋಶಗಳ ನಕ್ಷೆ ಮಾಡುವವರಿಗೆ ಒಂದು ಸಂಸ್ಥೆಯವರು ಕೊಡುತ್ತಾರಂತೆ. ಸಿಕ್ಕರೆ ನಮ್ಮ ಪ್ರಯೋಗಾಲಯ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ಆದರೆ ನಮ್ಮ ನಕ್ಷೆಯಲ್ಲಿ ಅರ್ಧಕ್ಕರ್ಧ ಖಾಲಿ. ಅರ್ಜಿ ಹಾಕಿದ ಉಳಿದವರೆಲ್ಲ ತಮಗೆ ಎಲ್ಲ ತಿಳಿದಿದೆ, ಕಾಯಿಲೆಯನ್ನೇ ವಾಸಿಮಾಡುತ್ತೇವೆ ಎಂದು ಬರೆದಿದ್ದಾರೆ. ಅರ್ಜಿಯಲ್ಲಿ ಆ ಖಾಲಿ ಜಾಗವನ್ನು ತೋರಿಸಲೋ, ಮುಚ್ಚಲೋ?”

ಗುರುಗಳು ಅವಳನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಇದ್ದ. ಅಂಗಡಿ ಅವನದು ಮತ್ತು ಅವನ ಅಣ್ಣನದು. ಲೆಕ್ಕ ತಮ್ಮನದು, ಬಾಯಿ ಅಣ್ಣನದು. ಅಣ್ಣ ಕಟ್ಟೆ ಹತ್ತಿ ಹರಾಜು ಕೂಗಿದನೆಂದರೆ ಎರಡು ಬೀದಿ ಆಚೆಯವರೂ ಗಂಟು ಬಿಚ್ಚಿಕೊಂಡು ಬರುತ್ತಿದ್ದರು. ಮಾಲು ನೋಡುವುದೂ ಅವನೇ. ಮಾರಲು ಬಂದವರು ಚೀಲದ ಬಾಯಿ ಬಿಚ್ಚಿ ತೋರಿಸುವರು. ಬಾಯಲ್ಲಿ ಯಾವಾಗಲೂ ಕೆಂಪನೆಯ ಕಾಯಿಯೇ ಇರುತ್ತದೆ. ಅಣ್ಣ ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಚೀಲವನ್ನು ತಲೆಕೆಳಗು ಮಾಡಿ, ತಳದ ಹೊಲಿಗೆ ಬಿಚ್ಚಿಸಿ, ಅಲ್ಲಿಂದ ಉದುರಿದ್ದಕ್ಕೆ ಬೆಲೆ ಕಟ್ಟುತ್ತಿದ್ದ.

ಒಂದು ದಿನ ಹರಾಜಿನ ನಡುವೆ ಅಣ್ಣ ಕುಸಿದು ಬಿದ್ದ. ಎದ್ದಾಗ ಕೈಕಾಲು ನೆಟ್ಟಗಿದ್ದವು, ಮಾತು ಮಾತ್ರ ಹೋಗಿತ್ತು. ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಆದರೆ ಮೆಣಸಿನಕಾಯಿ ಎನ್ನಲು ಹೊರಟರೆ ಬಾಯಿಗೆ ಬರುತ್ತಿದ್ದುದು ಕೊಡೆ ಎಂಬ ಮಾತು.

“ಏನು ಸಾಹುಕಾರರೇ, ಇವತ್ತು ಕೊಡೆ ಮಣಕ್ಕೆ ಎಷ್ಟು?” ಎಂದು ಪೇಟೆ ನಕ್ಕಿತು. ಅಣ್ಣ ಕಟ್ಟೆ ಇಳಿದು ಅಂಗಡಿಯ ಒಳಮೂಲೆ ಸೇರಿದ.

ತಮ್ಮ ಅಳುತ್ತ ಕೂರುವವನಲ್ಲ. ಬಾಯಿಲ್ಲದ ಅಂಗಡಿ ಹೆಚ್ಚು ದಿನ ನಡೆಯದೆಂದು ಅವನಿಗೆ ಗೊತ್ತಿತ್ತು. ಅಣ್ಣ ಹಾಗೆ ಗೋಡೆ ನೋಡುತ್ತ ಕೂರುವುದನ್ನೂ ಅವನಿಂದ ಸಹಿಸಲಾಗಲಿಲ್ಲ. ಸಾವಿರ ಹೊನ್ನು ತೆಗೆದಿಟ್ಟ. ಅಣ್ಣನ ಮಾತು ಮಿದುಳಿನಲ್ಲಿ ಎಲ್ಲಿ ಕಟ್ಟಿಕೊಂಡಿದೆ ಎಂದು ಹುಡುಕುವವರಿಗೆ ಇದು ಸಲ್ಲುತ್ತದೆ ಎಂದು ಸಾರಿದ.

ಇಬ್ಬರು ವೈದ್ಯರು ಬಂದರು. ಸತ್ತವರ ಮಿದುಳನ್ನು ತೆಳ್ಳಗೆ ಸೀಳಿ, ಭೂತಗನ್ನಡಿಯ ಕೆಳಗಿಟ್ಟು, ಕಂಡ ಜೀವಕಣಗಳನ್ನು ಒಂದೊಂದಾಗಿ ಬರೆದಿಡುವುದು ಇಬ್ಬರ ಕೆಲಸವೂ ಹೌದು.

ಮೊದಲನೆಯವನು ರೇಷ್ಮೆಯ ಮೇಲೆ ಬರೆದ ನಕ್ಷೆಯನ್ನು ಹಾಸಿದ. ಬಣ್ಣ ತುಂಬದ ಜಾಗ ಅದರಲ್ಲಿ ಬೆರಳಗಲವೂ ಇರಲಿಲ್ಲ. ಮೇಲಿನ ಬಲಮೂಲೆಯ ಹಸಿರಿನ ಮೇಲೆ ಬೆರಳಿಟ್ಟ.

“ಮಾತು ಕಟ್ಟಿರುವುದು ಇಲ್ಲೇ. ಯುಗಾದಿಯೊಳಗೆ ಅಣ್ಣನವರು ಹರಾಜು ಕೂಗದಿದ್ದರೆ ನನ್ನನ್ನು ವೈದ್ಯನೆಂದು ಕರೆಯಬೇಡಿ.”

ವ್ಯಾಪಾರಿಯ ಕೈ ಹೊನ್ನಿನ ಗಂಟಿನತ್ತ ಹೋಯಿತು.

ಎರಡನೆಯವನ ನಕ್ಷೆ ಒರಟು ಬಟ್ಟೆಯದು. ಅರ್ಧದ ಮೇಲೆ ಏನೂ ಇರಲಿಲ್ಲ.

“ಇದೇನು ಸ್ವಾಮಿ, ಇಲಿ ತಿಂದಿದೆಯೇ?” ಎಂದ ವ್ಯಾಪಾರಿ.

“ಇಲ್ಲ ಸಾಹುಕಾರರೇ. ಅಲ್ಲಿಗೆ ನಾನಿನ್ನೂ ಹೋಗಿಲ್ಲ. ಮಾತು ಕಳೆದುಕೊಂಡು ಸತ್ತ ಕೆಲವರ ಮಿದುಳು ನೋಡಿದ್ದೇನೆ. ಈ ಅಂಚಿನವರೆಗೆ ಅವರಲ್ಲಿ ಒಂದು ಕಣವೂ ಕೆಟ್ಟಿರಲಿಲ್ಲ. ಕೆಟ್ಟದ್ದು ಇದರ ಆಚೆ ಎಲ್ಲೋ ಇದೆ.”

“ನಮ್ಮಣ್ಣನಿಗೆ ಮಾತು ಬರುತ್ತದೆಯೇ?”

“ಗೊತ್ತಿಲ್ಲ.”

“ಗೊತ್ತಿಲ್ಲ ಎನ್ನುವವನಿಗೆ ನನ್ನ ಅಂಗಡಿಯಲ್ಲಿ ಹಿಡಿ ಮೆಣಸಿನಕಾಯಿಯೂ ಸಾಲ ಹುಟ್ಟುವುದಿಲ್ಲ,” ಎಂದ ವ್ಯಾಪಾರಿ. ಆದರೂ ಬಂದವರನ್ನು ಹಾಗೇ ಕಳಿಸಬಾರದೆಂದು ಇಬ್ಬರಿಗೂ ಜಗಲಿಯಲ್ಲಿ ಮಜ್ಜಿಗೆ ಕೊಡಿಸಿದ.

ಆಗ ಅಣ್ಣ ಮೂಲೆಯಿಂದ ಎದ್ದು ಬಂದ. ಒಳಗೆ ಹಾಸಿದ್ದ ಎರಡು ನಕ್ಷೆಗಳನ್ನೂ ನೋಡಿದ. ಎರಡನ್ನೂ ತಲೆಕೆಳಗು ತಿರುಗಿಸಿಟ್ಟು ಹೋಗಿ ಮತ್ತೆ ಕುಳಿತ.

ಅಣ್ಣ ಜನ್ಮವಿಡೀ ಚೀಲಗಳಿಗೆ ಮಾಡಿದ್ದು ಇದನ್ನೇ ಎಂದು ತಮ್ಮನಿಗೆ ಹೊಳೆಯಿತು. ವೈದ್ಯರನ್ನು ಒಳಗೆ ಕರೆದ.

“ಇನ್ನೊಂದು ಸಲ ಬೆರಳಿಟ್ಟು ತೋರಿಸಿ ಸ್ವಾಮಿ, ಮರೆತೆ.”

ಮೊದಲನೆಯವನ ಕಣ್ಣು ಗಂಟಿನ ಮೇಲಿತ್ತು. ನಗುತ್ತ ಮೇಲಿನ ಬಲಮೂಲೆಗೇ ಬೆರಳಿಟ್ಟ. ಈಗ ಅಲ್ಲಿದ್ದದ್ದು ಹಳದಿ.

ಎರಡನೆಯವನು ಬಗ್ಗಿದ. ಹುಬ್ಬು ಗಂಟಿಕ್ಕಿದ. ಬಟ್ಟೆಯನ್ನು ಸರಿಯಾಗಿ ತಿರುಗಿಸಿಕೊಂಡು ಮೊದಲಿನ ಅಂಚಿಗೇ ಬೆರಳಿಟ್ಟ.

“ಹಸಿರಾದರೇನು, ಹಳದಿಯಾದರೇನು,” ಎಂದು ತಡವರಿಸಿದ ಮೊದಲನೆಯವನು. “ಮಿದುಳೆಲ್ಲ ಒಂದೇ ಅಲ್ಲವೇ ಸಾಹುಕಾರರೇ?”

“ಒಂದೇ ಆಗಿದ್ದರೆ ಇಷ್ಟೊಂದು ಬಣ್ಣ ಯಾಕೆ ಹಾಳು ಮಾಡಿದಿರಿ?” ಎಂದ ವ್ಯಾಪಾರಿ.

ಹಣ ಎರಡನೆಯವನಿಗೆ ಹೋಯಿತು. ವ್ಯಾಪಾರಿ ಒಟ್ಟಿಗೆ ಕೊಡಲಿಲ್ಲ, ವರ್ಷಕ್ಕಿಷ್ಟು ಎಂದು ಗೊತ್ತುಮಾಡಿದ. ಪ್ರತಿ ಯುಗಾದಿಗೂ ವೈದ್ಯ ನಕ್ಷೆ ತರಬೇಕು, ತುಂಬಿದ್ದನ್ನು ತೋರಿಸಬೇಕು, ತುಂಬದ್ದನ್ನೂ ತೋರಿಸಬೇಕು. ಒಂದು ಯುಗಾದಿಗೆ ಏನೂ ತುಂಬಿರಲಿಲ್ಲ. ವೈದ್ಯ ಅದನ್ನೇ ತಂದು ಹಾಸಿದ. ವ್ಯಾಪಾರಿ ಗೊಣಗಿದ, ಆದರೆ ಕೊಡುವುದನ್ನು ಕೊಟ್ಟ.

ಕೊನೆಗೆ ಹಣ ಮುಗಿಯಿತು. ಖಾಲಿ ಜಾಗದ ಒಂದು ಮೂಲೆ ಮಾತ್ರ ತುಂಬಿತ್ತು.

“ಹೆಸರು ಹುಡುಕಿ ತರುವ ಕಣಗಳು ಅಣ್ಣನವರಲ್ಲಿ ಸತ್ತಿರಬೇಕು,” ಎಂದ ವೈದ್ಯ. “ರೂಢಿಯಾಗಿ ಬಾಯಲ್ಲಿ ಕೂತ ಮಾತಿಗೆ ಬೇರೆ ದಾರಿ ಇದ್ದಂತಿದೆ. ಇದೇನು, ಅದೇನು ಎಂದು ಅವರನ್ನು ಕೇಳಬೇಡಿ. ಕಟ್ಟೆಯ ಮೇಲೆ ನಿಲ್ಲಿಸಿ. ಕೂಗನ್ನು ನೀವು ಶುರು ಮಾಡಿ.”

ವ್ಯಾಪಾರಿ ಅಣ್ಣನ ಕೈಹಿಡಿದು ಕಟ್ಟೆ ಹತ್ತಿಸಿದ. ಜನ್ಮದಲ್ಲಿ ದನಿಯೆತ್ತದವನು “ಒಂದು ಸಲ!” ಎಂದು ಕೂಗಿದ. ಅಣ್ಣನ ತುಟಿ ಅಲುಗಿತು, ಅಷ್ಟೇ. ಪೇಟೆ ನಕ್ಕಿತು. ಮುಂದಿನ ಸಂತೆಗೂ ಹತ್ತಿಸಿದ. ಅದರ ಮುಂದಿನ ಸಂತೆಗೂ ಹತ್ತಿಸಿದ. ನಗುವವರಿಗೆ ಬೇಸರ ಬಂತು, ತಮ್ಮನಿಗೆ ಬರಲಿಲ್ಲ.

ಒಂದು ಸಂತೆಯ ದಿನ ಅವನು “ಒಂದು ಸಲ!” ಎಂದ ಕೂಡಲೇ ಹಿಂದಿನಿಂದ ಹಳೆಯ ದನಿ ಎದ್ದಿತು: “ಎರಡು ಸಲ! ಮೂರು ಸಲ!”

ಎರಡು ಬೀದಿ ಆಚೆಯವರು ತಿರುಗಿ ನೋಡಿದರು.

ಆಮೇಲೆ ಪ್ರತಿ ಹರಾಜನ್ನೂ ಮುಗಿಸಿದವನು ಅಣ್ಣನೇ. ಬೇರೊಂದು ಮಾತು ಅವನಿಗೆ ಬರಲಿಲ್ಲ. ಸಾಯುವತನಕ ಮೆಣಸಿನಕಾಯಿ ಅವನ ಬಾಯಲ್ಲಿ ಕೊಡೆಯೇ ಆಗಿತ್ತು.

“ಸಾವಿರ ಹೊನ್ನಿಗೆ ಬಂದದ್ದು ಒಂದು ಕೂಗು,” ಎಂದ ಪಕ್ಕದ ಅಂಗಡಿಯವನು. “ದುಬಾರಿಯಾಯಿತಲ್ಲ ಸಾಹುಕಾರರೇ!”

“ದುಬಾರಿಯೇ,” ಎಂದ ವ್ಯಾಪಾರಿ. “ಬಾಯಿ ಹೋದ ಮುಂದಿನವನಿಗೆ ಅಗ್ಗವಾಗುತ್ತದೆ.”

ಗುರುಗಳು ಕತೆ ನಿಲ್ಲಿಸಿದರು.

“ಅಂದರೆ ಅಷ್ಟು ಖಾಲಿ ಇದ್ದರೂ ಅವನು ಹಣ ಕೊಟ್ಟ,” ಎಂದಳು ದಾಕ್ಷಾಯಣಿ.

“ಇದ್ದರೂ ಅಲ್ಲ ತಾಯಿ, ನೀನು ಮುಚ್ಚಲು ಹೊರಟಿರುವ ಜಾಗಕ್ಕೇ ಅವರು ಐದು ಕೋಟಿ ಇಟ್ಟಿರುವುದು.”