ಗೋಣಿತಾಟಿನ ಸೂರು

ಏರಿಳಿತದ ರಾಗಿ ಹೊಲವೊಂದರಲ್ಲಿ ಚಿಪ್ಪಿಲ್ಲದ ಹುಳುವೊಂದಿತ್ತು. ಮೇಯಲು ಎಳೆಯ ಪೈರಿಗೇನೂ ಕೊರತೆಯಿರಲಿಲ್ಲ. ಆದರೆ ಬೆನ್ನ ಮೇಲೆ ಮನೆ ಹೊತ್ತ ಬಸವನಹುಳುವನ್ನು ಕಂಡಾಗಲೆಲ್ಲ ಅದರ ಜೀವ ಹಂಬಲಿಸುತ್ತಿತ್ತು.

"ಅಣ್ಣಾ, ಬಿಸಿಲು ಇಳಿಯುವ ತನಕ ಒಂದು ಮೂಲೆ ಕೊಡು" ಎಂದು ಒಮ್ಮೆ ಕೇಳಿಯೂ ಬಿಟ್ಟಿತು.

"ನನಗೇ ಇಕ್ಕಟ್ಟು ಕಣಯ್ಯಾ, ಅತ್ತ ಸರಿ" ಎಂದು ಬಸವನಹುಳು ಒಳಗೆ ಸೇರಿಕೊಂಡಿತು.

ಅದೇ ಸಂಜೆ ಹೊಲದೊಡತಿ ನಿಂಗಾಜಮ್ಮ ಹಳೆಯ ಗೋಣಿತಾಟೊಂದನ್ನು ನೀರಲ್ಲಿ ಅದ್ದಿ, ಬದುವಿನ ಪಕ್ಕ ಹಾಸಿ ಹೋದಳು. ಹುಳು ತನ್ನಿಂದಾದಷ್ಟು ಬೇಗ ಅಲ್ಲಿಗೆ ತೆವಳಿತು.

"ಬರಬೇಡ ತಮ್ಮಾ" ಎಂದಿತು ಗೋಣಿತಾಟು. "ನಾನು ಮನೆಯಲ್ಲ, ಪೈರು ತಿನ್ನುವವರನ್ನು ಹಿಡಿಯಲು ಹಾಸಿದ ಬಲೆ. ಬೆಳಗಾದರೆ ಆಯಮ್ಮ ಉಪ್ಪುನೀರಿನ ಬಕೆಟ್ಟು ಹಿಡಿದು ಬರುತ್ತಾಳೆ."

ಹುಳುವಿಗೆ ನಗು ಬಂತು. "ಅವನು ಇಕ್ಕಟ್ಟು ಅಂದ, ನೀನು ಉಪ್ಪು ಅನ್ನುತ್ತೀ. ಜಾಗ ಕೊಡಲು ಮನಸ್ಸಿಲ್ಲ, ಅಷ್ಟೇ."

"ದೇವರಾಣೆಗೂ ನಿಜ ಕಣಪ್ಪಾ."

"ಆಣೆ ಇಡುವಷ್ಟು ಜಿಪುಣತನವೇ!" ಎನ್ನುತ್ತ ಹುಳು ಅಡಿಗೆ ನುಸುಳಿತು. ಹುಟ್ಟಿದ ಮೇಲೆ ಮೊದಲ ಸಲ ಸೂರಿನಡಿ ಮಲಗಿ, ಕಣ್ತುಂಬ ನಿದ್ದೆ ಮಾಡಿತು.

ಬೆಳಗ್ಗೆ ನಿಂಗಾಜಮ್ಮ ಬಕೆಟ್ಟನ್ನು ಕೆಳಗಿಟ್ಟು, "ಪೈರು ಉಳಿಯಬೇಕಲ್ಲಪ್ಪಾ ಶಿವನೇ, ತಪ್ಪೆಣಿಸಬೇಡ" ಎಂದು ಕೈಮುಗಿದು, ತಾಟಿನ ಅಂಚನ್ನು ಮೇಲೆತ್ತಿದಳು.

ಒಳಗೆ ಬೆಳಕು ಬಿದ್ದಿತು. ಹುಳು ಹಿಗ್ಗಿನಿಂದ ಕೊಂಬು ಚಾಚಿ, ಬದುವಿನ ಮೇಲಿದ್ದ ಬಸವನಹುಳುವನ್ನು ಕೂಗಿ ಕರೆಯಿತು: "ಬಾ ಅಣ್ಣಾ, ನನ್ನ ಮನೆಯಲ್ಲಿ ಇಕ್ಕಟ್ಟಿಲ್ಲ. ನೋಡು, ಬಾಗಿಲೂ ಇದೆ!"