ಕೈ ತೊಳೆದ ಮೇಲೆ ಕೇಳಿ

"ಗುರುಗಳೇ, ಉಂಡ ಮನೆಯನ್ನೇ ದೂರುವವನಿಗೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ. ಮಠದ ಆಶ್ರಯಮನೆಯ ಉಸ್ತುವಾರಿ ಅವನದು. ಅಲ್ಲಿದ್ದ ಒಬ್ಬ ಮುದುಕ ದಿನವೂ ದೂರು ಹೇಳುತ್ತಿದ್ದ. "ಮಿಕ್ಕವರೆಲ್ಲ ಕೈಮುಗಿದು ಉಣ್ಣುತ್ತಾರೆ. ಇವನೊಬ್ಬನಿಗೆ ಉಪಕಾರಸ್ಮರಣೆಯೇ ಇಲ್ಲ. ಬೇರೆಡೆಗೆ ಕಳುಹಿಸಿಬಿಡಲೇ?"

ಗುರು ನಕ್ಕರು. "ಕೂತುಕೋ. ಕತೆ ಕೇಳಿದ ಮೇಲೂ ಕಳುಹಿಸಬಹುದು" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಒಳ್ಳೆಯವನು. ಒಳ್ಳೆಯವನೆಂದು ಜನ ಹೇಳುವುದನ್ನು ಕೇಳುವ ಆಸೆಯೂ ತುಸು ಇತ್ತು. ಅದೇನು ಮಹಾಪಾಪವಲ್ಲ ಬಿಡು. ದಿಕ್ಕಿಲ್ಲದ ಮುದುಕರಿಗೆಂದು ಅವನು ಒಂದು ಮನೆ ಕಟ್ಟಿಸಿ, ಅನ್ನ ಬಟ್ಟೆ ಕೊಟ್ಟು, ನೋಡಿಕೊಳ್ಳಲು ಆಳುಗಳನ್ನಿಟ್ಟ. ಒಂದು ದಿನ ಆ ಮನೆಯಿಂದ ಅಧಿಕಾರಿಗೆ ದೂರು ಹೋಯಿತು. ಹಾಸಿಗೆ ಹಿಡಿದವರ ಆರೈಕೆ ಸರಿಯಿಲ್ಲವೆಂದು ಅಲ್ಲಿಯೇ ಇದ್ದ ಒಬ್ಬ ಮುದುಕಿ ಹೇಳಿ ಕಳುಹಿಸಿದ್ದಳು.

ವರ್ತಕನಿಗೆ ಎದೆಗೆ ಒದ್ದಂತಾಯಿತು. "ನನ್ನ ಅನ್ನ ಉಂಡು ನನ್ನ ಮ್ಯಾಲೇ ದೂರಾ? ಇದು ಸುಳ್ಳಾದರ ಆಕಿ ಈ ಮನಿಯಾಗ ಇರಾಂಗಿಲ್ಲ" ಎಂದ. ಆ ಮನೆ ಬಿಟ್ಟರೆ ಮುದುಕಿಗೆ ಬೀದಿಯೇ ಗತಿ.

ವಿಚಾರಣೆಗೆ ಬಂದ ಅಧಿಕಾರಿ ನ್ಯಾಯವಂತ. ಆದರೆ ಬಂದದ್ದು ಊಟದ ಹೊತ್ತಿಗೆ. ಪಂಕ್ತಿ ಕೂತಿತ್ತು, ವರ್ತಕನೇ ತುಪ್ಪ ಬಡಿಸುತ್ತಿದ್ದ. ಎಲ್ಲರೂ ಒಂದೇ ಕಡೆ ಸಿಕ್ಕರಲ್ಲ ಎಂದು ಅಧಿಕಾರಿ ಎಲೆಯಿಂದ ಎಲೆಗೆ ಹೋಗಿ ಕುಂದುಕೊರತೆ ವಿಚಾರಿಸಿದ. ಒಬ್ಬೊಬ್ಬರೂ ತುತ್ತು ಕೆಳಗಿಟ್ಟು, ಯಾವ ಕೊರತೆಯೂ ಇಲ್ಲ, ಧಣಿಗಳು ತಣ್ಣಗಿರಲಿ ಎಂದರು. ಅವರೇನೂ ಸುಳ್ಳು ಹೇಳುವ ಜನವಲ್ಲ. ಅನ್ನ ಎಲೆಯ ಮೇಲಿರುವಾಗ ಇಕ್ಕಿದ ಕೈಯನ್ನು ಹಳಿಯುವ ವಾಡಿಕೆ ನಮ್ಮಲ್ಲಿ ಎಲ್ಲಿದೆ? ಅಧಿಕಾರಿಗೆ ಅದು ಹೊಳೆಯಲಿಲ್ಲ. ದೂರು ಸುಳ್ಳೆಂದೇ ನಿಶ್ಚಯಿಸಿ ಕೊನೆಯ ಎಲೆಯ ಮುಂದೆ ನಿಂತ. ಅಲ್ಲಿ ದೂರು ಕೊಟ್ಟ ಮುದುಕಿ ಕೂತಿದ್ದಳು.

"ಎಲಿ ಮುಂದ ಕೂತಾಕಿನ್ನ ಕೇಳಬ್ಯಾಡ್ರಿ ಯಪ್ಪಾ. ಉಂಡು ಕೈ ತೊಳಕೊಂಡ ಮ್ಯಾಲ ಕೇಳ್ರಿ" ಎಂದಳು.

ಅಧಿಕಾರಿಗೆ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಕೇಳಬಾರದ ಕಡೆ ಕೇಳಿದೆನೆಂದು ಆಗ ತಿಳಿಯಿತು. ಬಾಗಿಲ ಬಳಿ ಹೋಗಿ ಕಾದು ನಿಂತ.

ಕೈ ತೊಳೆದ ಮುದುಕಿ ಅವನನ್ನೂ ವರ್ತಕನನ್ನೂ ಹಿಂದಿನ ಕೋಣೆಗೆ ಕರೆದೊಯ್ದಳು. ಅಲ್ಲಿ ಮಾತು ನಿಂತುಹೋದ ಹೆಂಗಸೊಬ್ಬಳು ಅಂಗಾತ ಮಲಗಿದ್ದಳು. ಮೈಮೇಲೆ ವರ್ತಕ ಕೊಡಿಸಿದ ಹೊಸ ಸೀರೆ. ಮುದುಕಿಯ ಕೈಯಲ್ಲಿ ಬಲವಿರಲಿಲ್ಲ. ಅಧಿಕಾರಿಯೂ ಕೈಹಚ್ಚಿ ಅವಳನ್ನು ಮೆಲ್ಲಗೆ ಹೊರಳಿಸಿದ. ಬೆನ್ನೆಲ್ಲ ಹುಣ್ಣಾಗಿತ್ತು. ಆಳುಗಳು ಹೊತ್ತುಹೊತ್ತಿಗೆ ಉಣಿಸುತ್ತಿದ್ದರು, ಮಗ್ಗುಲು ಬದಲಿಸುತ್ತಿರಲಿಲ್ಲ. ವರ್ತಕ ಬಂದಾಗಲೆಲ್ಲ ಹೊಸ್ತಿಲಲ್ಲೇ ನಿಂತು, ಸೀರೆ ನೋಡಿ ಸಮಾಧಾನಪಟ್ಟು ಹೋಗುತ್ತಿದ್ದ.

"ಇದನ್ನ ನನಗ ಯಾಕ ಹೇಳಲಿಲ್ಲವ್ವಾ?" ಎಂದು ವರ್ತಕ ಕೇಳಿದ.

"ಹೇಳಾಕ ಬಂದಾಗೆಲ್ಲ 'ಊಟ ಆತೇನವ್ವಾ' ಅಂತ ಕೇಳಿ ಮುಂದ ಹೋಗಿಬಿಡತಿದ್ರಿ. ನಿಮ್ಮ ಅನ್ನದ ಋಣ ನನ್ನ ಮ್ಯಾಲ ಐತಿ ಯಪ್ಪಾ. ಇದು ನನ್ನ ಮನಿ ಅಲ್ಲ ಅಂದುಕೊಂಡಿದ್ರ ಬಾಯಿ ಮುಚ್ಚಿಕೊಂಡು ಉಣ್ಣತಿದ್ದೆ."

ವರ್ತಕ ಗಳಗಳನೆ ಅತ್ತ. "ಇಷ್ಟು ಮಂದಿ ನನ್ನ ಹರಸಿದರು. ಪಾಪದಿಂದ ನನ್ನ ಕಾಪಾಡಿದಾಕಿ ನೀ ಒಬ್ಬಾಕಿ" ಎಂದು ಅವಳ ಕಾಲು ಮುಟ್ಟಿದ. ಅಧಿಕಾರಿಯೂ ಕೈಮುಗಿದ, ಅವಳಿಲ್ಲದಿದ್ದರೆ ಅನ್ಯಾಯಕ್ಕೆ ತಾನೇ ಮುದ್ರೆ ಒತ್ತಿ ಹೋಗುತ್ತಿದ್ದ. ಅಂದಿನಿಂದ ವರ್ತಕ ಪಂಕ್ತಿಗೆ ಬರುವ ಮೊದಲು ಆ ಕೋಣೆಗೆ ಹೋಗಿ, ತಾನೇ ಮುಂದೆ ನಿಂತು ಆ ಹೆಂಗಸಿನ ಮಗ್ಗುಲು ಬದಲಾಯಿಸಿ ಬರುತ್ತಿದ್ದ. ಊಟ ಮುಗಿದು ಎಲ್ಲರೂ ಕೈ ತೊಳೆದ ಮೇಲೆ ಜಗಲಿಯಲ್ಲಿ ಕೂತು ಅವರ ಕಷ್ಟ ಕೇಳುತ್ತಿದ್ದ.

ಕತೆ ಮುಗಿಯುವ ಹೊತ್ತಿಗೆ ಶಿಷ್ಯನ ಕಣ್ಣು ತುಂಬಿತ್ತು. "ಎಂಥ ತಾಯಿ, ಗುರುಗಳೇ! ಅಂಥವರಿಗೆ ಎಷ್ಟು ಕೈಮುಗಿದರೂ ಸಾಲದು" ಎಂದ.

"ಅಂದ ಹಾಗೆ, ನಿನ್ನ ಆ ಮುದುಕ ಏನೆಂದು ದೂರುತ್ತಾನೆ ಎಂಬುದನ್ನು ನೀನಿನ್ನೂ ಹೇಳಲೇ ಇಲ್ಲ" ಎಂದರು ಗುರು.