ಚೌಡೇಗೌಡನ ಕಣ್ಣೀರು

ಒಂದಾನೊಂದು ಊರು. ಆ ಊರಲ್ಲಿ ಚೌಡೇಗೌಡ ಅಂತ ಒಬ್ಬ. ಅವನಿಗೆ ಮೂರು ವರ್ಷ, ಮೂರು ತಿಂಗಳು, ಮೂರು ದಿನದಿಂದ ಕಣ್ಣಲ್ಲಿ ನೀರು ನಿಂತೇ ಇರಲಿಲ್ಲವಂತೆ. ದುಃಖ ಏನೂ ಇಲ್ಲ, ಬರೀ ನೀರು. ಮನೆಯಲ್ಲಿ ಮುದ್ದೆಗೆ ಉಪ್ಪು ಹಾಕೋದನ್ನೇ ಬಿಟ್ಟಿದ್ದರು. ಪ್ರಾಣಕ್ಕೆ ಪ್ರಾಣವಾದ ಎಮ್ಮೆ ಬೊಮ್ಮಿಯ ಮೈ ತೊಳೆಯೋಕೆ ಗೌಡ ಕೆರೆಗೂ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತರೆ ಆಯಿತು.

ಒಲೆ ಹೊಗೆ ಅಂದರು ಒಬ್ಬರು. ಏಳು ದಿನ ಹಸಿಹಿಟ್ಟು ತಿಂದರು. ಈರುಳ್ಳಿ ಅಂದರು ಇನ್ನೊಬ್ಬರು. ಊರಿನ ಈರುಳ್ಳಿಯನ್ನೆಲ್ಲ ಗಡಿಯಾಚೆ ಎಸೆದರು. ಬತ್ತಿದ ಬಾವಿಯ ಗಂಗಮ್ಮ ಇವನ ಕಣ್ಣಲ್ಲಿ ಮನೆ ಮಾಡಿದಾಳೆ ಅಂದ ಪೂಜಾರಿ. ಬಾವಿಕಟ್ಟೆಗೆ ಹಚ್ಚೋ ಹಾಗೆ ಗೌಡನ ಮೂಗಿಗೇ ಕುಂಕುಮ ಹಚ್ಚಿದರು. ನೀರು ನಿಲ್ಲಲಿಲ್ಲ.

ಕಷ್ಟ ಆಗಿದ್ದು ಮಗಳು ಕೆಂಪಿಗೆ. ಮೂರು ಸಲ ಗಂಡಿನ ಕಡೆಯವರು ಬಂದರು. ಮೂರು ಸಲವೂ ಅಳೋ ಅಪ್ಪನನ್ನು ನೋಡಿ, "ಹೆಣ್ಣಿಗೇನೋ ಊನ ಇದೆ ಕಣ್ರೋ" ಅಂತ ಎದ್ದು ಹೋದರು. ನಾಲ್ಕನೇ ಗಂಡು ಕೆಂಪಿಗೆ ಕಂಡ ಕೂಡಲೇ ಹಿಡಿಸಿಬಿಟ್ಟ. ಇವರೂ ಎದ್ದು ಹೋದರೆ ಅಂತ ಅವಳ ಜೀವ ಕೈಯಲ್ಲಿತ್ತು. ಗಂಡಿನ ತಾತ ಗೌಡನ ಒದ್ದೆ ಕೆನ್ನೆ ನೋಡಿ ತೊಡೆ ತಟ್ಟಿಕೊಂಡು ನಕ್ಕ.

"ಹೆಣ್ಣೊಪ್ಪಿಸೋವಾಗ ತಾನೆ ತಂದೆ ಅಳೋದು? ಬೀಗರು ಆಗಲೇ ಒಪ್ಪಿಸಿಬಿಟ್ರಲ್ಲಪ್ಪಾ! ಹಾಕಿ ವೀಳ್ಯ!"

ಮದುವೆ ದಿನ ಬೆಳಿಗ್ಗೆ ಬಳೆ ತೊಡಿಸೋಕೆ ಬಂದ ಸಿದ್ದಜ್ಜಿ ಗೌಡನ ಗಲ್ಲ ಹಿಡಿದು ಎತ್ತಿದಳು.

"ಅಯ್ಯೋ ಮಂಕೇ, ರೆಪ್ಪೆಕೂದಲು ಒಳಕ್ಕೆ ಬಾಗಿ ಚುಚ್ತಾ ಅದೆ ಕಣೋ!"

ಮುಳ್ಳು ತೆಗೆಯೋ ಚಿಮಟದಲ್ಲಿ ಎಡಗಣ್ಣಿಂದ ಒಂದು, ಬಲಗಣ್ಣಿಂದ ಒಂದು ಕಿತ್ತಳು. ಹೊಳೆ ನಿಂತೇಹೋಯಿತು.

ಸಂಜೆ ಹೆಣ್ಣೊಪ್ಪಿಸೋ ಶಾಸ್ತ್ರ. ಊರೆಲ್ಲ ಅಳುತ್ತಿದೆ, ಗೌಡನ ಕಣ್ಣು ಮಾತ್ರ ಬೇಸಿಗೆ ಕೆರೆ! ತಿಣುಕಿದ, ಉಜ್ಜಿದ, ಒಂದು ಹನಿ ಇಲ್ಲ.

ತಾತ ರೇಗಿದ. "ನೋಡೋಕೆ ಬಂದಾಗ ಹೊಳೆ ಹರಿಸ್ದೋನು, ಈಗ ಮಗಳು ತೊಲಗಿದ್ಲು ಅಂತ ಖುಷಿಯೋ? ಏಳ್ರೋ, ಗಾಡಿ ಕಟ್ರೋ! ಹೆಣ್ಣೂ ಬೇಡ, ಏನೂ ಬೇಡ!"

ಕೆಂಪಿ ಅಪ್ಪನ ಕಾಲಿಗೆ ಬಿದ್ದಳು. ಏಳುವಾಗ ಕಿವಿಯಲ್ಲಿ ಅಂದಳು: "ಅಪ್ಪಾ, ಬೊಮ್ಮೀನೂ ನನ್ನ ಜೊತೆಗೇ ಹೊಡ್ಕೊಂಡು ಹೋಗ್ತೀನಿ."

"ಅಯ್ಯೋ ನನ್ನ ಬೊಮ್ಮೀ!" ಅಂತ ಗೌಡ ಬಾಯಿ ಬಿಟ್ಟ ನೋಡಿ, ಚಪ್ಪರ ಕಂಬದ ಸಮೇತ ತೇಲಿತಂತೆ. ತಾತನೂ ಕರಗಿ ಗೌಡನನ್ನು ತಬ್ಬಿಕೊಂಡ.

ಕೆಂಪಿ ಅಂದದ್ದು ಬರೀ ಅಪ್ಪನನ್ನು ಅಳಿಸೋಕೆ. ಆದರೆ ತಾತನ ಕಿವಿ ಬಲು ಚುರುಕು. ಎಮ್ಮೆಯ ಹಗ್ಗ ಆಗಲೇ ಗಾಡಿಗೆ ಬಿಗಿದಾಗಿತ್ತು.

ಅವರು ಅಲ್ಲಿ ಗಟ್ಟಿ ಮೊಸರು ಉಂಡರು, ಗೌಡ ಇಲ್ಲಿ ಕಣ್ಣೊರೆಸಿಕೊಂಡ, ನಾವು ನೀವು ನಕ್ಕು ಮೇಲೆದ್ದೆವು.